ಖಾಲಿ ಕುರ್ಚಿ ಮತ್ತು ಅಜ್ಜಿಯ ಸೂಜಿಗಳು

ಒಂದಾನೊಂದು ಕಾಲದಲ್ಲಿ, ಅಂದರೆ ಬಹಳ ಹಿಂದೇನೂ ಅಲ್ಲ, ಹೋದ ವರ್ಷವೇ ಅನ್ನಿ, ಒಂದೂರಿನಲ್ಲಿ ಒಂದು ಕುರ್ಚಿಯಿತ್ತು. ಅದಕ್ಕೆ ನಾಲ್ಕು ಕಾಲಿದ್ದವು, ಬೆನ್ನಿತ್ತು, ಹಸಿರು ಬಣ್ಣವಿತ್ತು. ಕೂರುವವರು ಮಾತ್ರ ಇರಲಿಲ್ಲ. ಅಜ್ಜಿಯರ ಕಥೆಗಳಲ್ಲಿ ರಾಜನಿಲ್ಲದ ಸಿಂಹಾಸನ ಬರುತ್ತದಲ್ಲ, ಹಾಗೆ ಅದು ಒಂದನೇ ತರಗತಿಯ ಕಿಟಕಿ ಪಕ್ಕದಲ್ಲಿ ಕಾಯುತ್ತಿತ್ತು. ಸಿಂಹಾಸನ ಖಾಲಿ ಉಳಿದರೆ ರಾಜ್ಯ ಹೋಗುತ್ತದೆ. ಈ ಕುರ್ಚಿ ಖಾಲಿ ಉಳಿದರೆ ಹೋಗುವುದು ಆ ತರಗತಿಯ ಚಿಕ್ಕ ಟೀಚರ ಕೆಲಸ.

ಆ ಊರಿನ ಸರ್ಕಾರಿ ಶಾಲೆಗಳು ಎರಡೇ ಎರಡು. ಗುಡ್ಡದ ಮೇಲೊಂದು, ಬಸ್ ನಿಲ್ದಾಣದ ಹಿಂದೊಂದು. ಎರಡಕ್ಕೂ ಸೇರಿ ಒಬ್ಬರೇ ಸಂಗೀತದ ಮೇಷ್ಟ್ರು. ಅವರು ಬೆಳಿಗ್ಗೆ ಮೇಲಿನ ಶಾಲೆಯಲ್ಲಿ ಹಾಡು ಶುರುಮಾಡಿ, ಮಧ್ಯಾಹ್ನ ಬಸ್ಸಿಳಿದು ಕೆಳಗಿನ ಶಾಲೆಯಲ್ಲಿ ಮುಗಿಸುತ್ತಿದ್ದರು. ಹಾಗಾಗಿ ಊರಿನ ಅರ್ಧ ಮಕ್ಕಳಿಗೆ ಹಾಡಿನ ತಲೆ ಮಾತ್ರ ಗೊತ್ತು, ಇನ್ನರ್ಧಕ್ಕೆ ಬಾಲ ಮಾತ್ರ. ಕೆಳಗಿನ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಫೋನ್ ಎತ್ತುವವರೂ ಅವರೇ, ನಲ್ಲಿ ಸೋರಿದರೆ ಬಟ್ಟೆ ಸುತ್ತುವವರೂ ಅವರೇ. ಮೇಲಿನಿಂದ ಹಣ ಬರುವುದು ಮಕ್ಕಳ ತಲೆಯೆಣಿಸಿ. ತಲೆ ಕಡಿಮೆಯಾದರೆ ಹಣ ಕಡಿಮೆ, ಹಣ ಕಡಿಮೆಯಾದರೆ ಟೀಚರು ಕಡಿಮೆ, ಟೀಚರು ಕಡಿಮೆಯಾದ ಶಾಲೆಗೆ ಯಾರು ತಾನೇ ಮಕ್ಕಳನ್ನು ಕಳಿಸುತ್ತಾರೆ? ಹದಿನೈದು ಮಕ್ಕಳಿದ್ದರೆ ತರಗತಿಗೊಬ್ಬ ಟೀಚರ್. ಒಂದು ಮಗು ಕಡಿಮೆಯಾದರೂ ಉಳಿದವರನ್ನೆಲ್ಲ ಎರಡನೇ ತರಗತಿಯ ಬೆಂಚುಗಳಿಗೆ ತುರುಕಿ, ಟೀಚರನ್ನು ಮನೆಗೆ ಕಳಿಸುವುದು. ಕೆಳಗಿನ ಶಾಲೆಯಲ್ಲಿ ಚಿಕ್ಕ ಟೀಚರ ಒಂದನೇ ತರಗತಿಯಲ್ಲಿ ಇದ್ದದ್ದು ಹದಿನಾಲ್ಕು.

ಎಣಿಕೆ ಶುಕ್ರವಾರವಿತ್ತು. ಎಣಿಸಲು ಬರುವ ಸಾಹೇಬರು ಕೂತ ಮಕ್ಕಳನ್ನು ಮಾತ್ರ ಎಣಿಸುತ್ತಿದ್ದರು. ಹಿಂದೆ ಇನ್ನೆಲ್ಲೋ, ಎಣಿಸಿದ ಮಕ್ಕಳನ್ನೇ ಹಿಂಬಾಗಿಲಿನಿಂದ ಪಕ್ಕದ ಕೋಣೆಗೆ ಓಡಿಸಿ ಅವರಿಗೆ ಚೆನ್ನಾಗಿ ಟೋಪಿ ಹಾಕಿದ್ದರಂತೆ. ಅಂದಿನಿಂದ ನಿಂತ ಮಗು ಅವರ ಪಾಲಿಗೆ ಬರೀ ಗಾಳಿ.

ಸೋಮವಾರ ಮಕ್ಕಳು ಕುರ್ಚಿ ತೋರಿಸಿ ಕೇಳಿದವು.

"ಟೀಚರ್, ಅದು ಯಾರದ್ದು?"

"ಬರೋರದ್ದು."

"ಯಾವಾಗ ಬರ್ತಾರೆ?"

"ಶುಕ್ರವಾರದೊಳಗೆ ನಾನೇ ಕರ್ಕೊಂಡ್ ಬರ್ತೀನಿ."

"ದೇವರಾಣೆ?"

"ಆಣೆ ಯಾಕೆ, ಮಾತು ಕೊಟ್ಟೆ," ಎಂದುಬಿಟ್ಟಳು ಚಿಕ್ಕ ಟೀಚರ್. ದಿನಾ ಮಕ್ಕಳಿಗೆ ಕಥೆ ಹೇಳುವವರಿಗೆ ಮಾತು ಕೊಡುವುದು ಸಲೀಸು.

ಆಮೇಲೆ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಶಾಲೆ ಬಿಟ್ಟ ಕೂಡಲೇ ಬೀದಿಗೆ ಬೀಳುವಳು. ಮಹಡಿ ಹತ್ತಿ ಗಂಟೆ ಒತ್ತುವಳು, ಬಾಗಿಲು ಪೂರ್ತಿ ತೆರೆಯುವ ಮೊದಲೇ ಮಾತು ಶುರುಮಾಡುವಳು. ಒಂದು ಮನೆಯಲ್ಲಿ ತೊಟ್ಟಿಲ ಕೂಸಿತ್ತು. "ಸ್ವಲ್ಪ ತಡೀರಿ, ಹಲ್ಲು ಬರ್ಲಿ, ಕಳಿಸ್ತೀವಿ," ಎಂದು ನಕ್ಕರು. ಇನ್ನೊಂದು ಮನೆಯ ಹುಡುಗ ಆಗಲೇ ಖಾಸಗಿ ಶಾಲೆಯ ಟೈ ಕಟ್ಟಿಕೊಂಡಿದ್ದ. ಬಾಲ್ಕನಿಯ ಹಗ್ಗದ ಮೇಲೆ ಪುಟ್ಟ ಅಂಗಿ ಒಣಗುವುದು ಕಂಡರೆ ಸಾಕು, ಕೆಳಗೆ ನಿಂತು ಅದರ ತೋಳಿನ ಅಳತೆಯಿಂದ ವಯಸ್ಸು ಊಹಿಸುತ್ತಿದ್ದಳು. ಮನೆಗೆ ಬಂದರೆ ಕೈಯಲ್ಲಿ ಹಿಡಿದ ಲೋಟವನ್ನು ಎಲ್ಲಿಟ್ಟೆನೆಂದು ಹುಡುಕುತ್ತಿದ್ದಳು.

ಮಂಗಳವಾರ ಬಸ್ ನಿಲ್ದಾಣದಲ್ಲಿ ಔಷಧಿ ಅಂಗಡಿಯಾಕೆ ತಡೆದಳು. ಆಕೆಯ ಮಗಳು ಮೇಲಿನ ಶಾಲೆಯಲ್ಲಿ ಒಂದನೇ ತರಗತಿ.

"ನೀವು ಕಥೆ ಟೀಚರ್ ಅಲ್ವಾ? ನಮ್ಮವಳು ನಿಮ್ಮ ಕ್ಲಾಸಿಗೇ ಬರ್ಬೇಕು ಅಂತ ಹಟ ಹಿಡಿದಿದಾಳೆ. ದಿನಾ ಗುಡ್ಡ ಹತ್ತಿ ಹತ್ತಿ ನನ್ನ ಮಂಡಿನೂ ಹೋಯ್ತು. ಸೇರಿಸ್ಕೋತೀರಾ?"

ಬೇಡ ಎನ್ನಬೇಕಿತ್ತು. ಮೇಲಿನ ಶಾಲೆಯ ಒಂದನೇ ತರಗತಿಗೆ ಪಾಠ ಮಾಡುವವಳು ಅವಳ ಸ್ವಂತ ಅಕ್ಕ. ಅಕ್ಕನಲ್ಲಿದ್ದದ್ದು ಸರಿಯಾಗಿ ಹದಿನೈದು ಮಕ್ಕಳು. ಆದರೆ ನಾಲಿಗೆ ಬೇರೆಯೇ ಹೇಳಿತು: "ಯೋಚ್ನೆ ಮಾಡಿ ಹೇಳ್ತೀನಿ."

ಸುದ್ದಿ ಅವಳಿಗಿಂತ ಮೊದಲೇ ಗುಡ್ಡ ಹತ್ತಿತು. ಸಂಜೆ ಅಕ್ಕನ ಫೋನು.

"ಏನೇ, ನನ್ನ ಮನೆಗೇ ಕನ್ನ ಹಾಕ್ತಿದೀಯಂತೆ?"

"ಅಕ್ಕಾ, ಅವರೇ ಕೇಳಿದ್ದು."

"ನೀನೇನಂದೆ?"

"ಏನೂ ಅನ್ಲಿಲ್ಲ."

"ಅದೇ ಕಣೇ ನಿನ್ನ ಕಾಯಿಲೆ. ಚಿಕ್ಕವಳಿದ್ದಾಗ ನನ್ನ ತಟ್ಟೇಲಿರೋದೆಲ್ಲ ತಿಂದು, ಕೇಳಿದ್ರೆ ಏನೂ ಮಾಡ್ಲಿಲ್ಲ ಅಂತಿದ್ದೆ." ಅಕ್ಕ ನಗಲು ನೋಡಿದಳು, ಆಗಲಿಲ್ಲ. "ನೀನು ಒಬ್ಬಳನ್ನ ಎತ್ಕೊಂಡ್ರೆ ನನ್ನ ಕ್ಲಾಸ್ ಹೋಗುತ್ತೆ. ಆಮೇಲೆ ನಿನ್ನ ಮುಖ ಹೇಗೆ ನೋಡ್ಲಿ ಹೇಳು."

ಅಕ್ಕ ಫೋನಿಟ್ಟಳು. ಚಿಕ್ಕ ಟೀಚರ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದಳು. ಬೇಡ ಎಂದು ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳಿದರೆ ಶುಕ್ರವಾರ ಹಸಿರು ಕುರ್ಚಿಗೆ ಯಾರು ಅನ್ನಿಸುತ್ತಿತ್ತು.

ಬುಧವಾರ ಲಾಂಡ್ರಿಯ ಮುಂದೆ ಹಾದುಹೋಗುವಾಗ ಒಳಗೊಂದು ಹುಡುಗಿ ಕಂಡಿತು. ಇಸ್ತ್ರಿಯ ಹಬೆಯ ಹಿಂದೆ ಮೂಲೆಯಲ್ಲಿ ಹೊಲಿಗೆ ಅಜ್ಜಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದಳು. ಹುಡುಗಿ ಅವಳ ಭುಜಕ್ಕೆ ಅಂಟಿಕೊಂಡು ನಿಂತಿತ್ತು. ಅಜ್ಜಿ ಕೈ ಚಾಚುವ ಮೊದಲೇ ದಾರ ಪೋಣಿಸಿದ ಸೂಜಿ ಅವಳ ಬೆರಳಿಗೆ ಬರುತ್ತಿತ್ತು. ಬಿಳಿ ಅಂಗಿಗೆ ಬಿಳಿ ದಾರ, ನೀಲಿಗೆ ನೀಲಿ.

"ಅಜ್ಜಿ, ಈ ಮಗು ಶಾಲೆಗೆ ಹೋಗಲ್ವಾ?"

"ಚೂಟೀನಾ? ನನ್ನ ಮೊಮ್ಮಗಳು, ಈ ಊರಿಗೆ ಬಂದು ಇನ್ನೂ ಬಹಳ ದಿನ ಆಗಿಲ್ಲಮ್ಮ. ಇವಳ ಅಪ್ಪ ಅಮ್ಮ ಕಾರ್ಖಾನೆಗೆ ಹೋಗ್ತಾ ಇವಳನ್ನ ನನ್ನ ಹತ್ರ ಬಿಟ್ಟು, ಶಾಲೆಗೆ ಸೇರಿಸು ಸೇರಿಸು ಅಂತ ನನ್ನ ತಲೆ ತಿಂತಾರೆ. ಇವಳು ಹೋದ್ರೆ ನಂಗೆ ದಾರ ಹಾಕೋರು ಯಾರು, ಅವರ ಕಾರ್ಖಾನೆ ಮೇಸ್ತ್ರಿನಾ?"

"ದಾರ ಪೋಣಿಸೋಕೆ ತಗಡಿನ ಸಣ್ಣ ಸಲಕರಣೆ ಸಿಗುತ್ತಲ್ಲ ಅಂಗಡೀಲಿ?"

"ಅದರ ತೂತು ಕಾಣೋಕೂ ಕಣ್ಣು ಬೇಕಲ್ಲ ತಾಯಿ," ಎಂದು ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ಚೂಟಿಯೂ ನಕ್ಕಿತು. ಅದರ ಮುಂದಿನ ಹಲ್ಲೂ ಬಿದ್ದಿತ್ತು.

ಆಗ ಚಿಕ್ಕ ಟೀಚರ ಬಾಯಿಂದ ಇನ್ನೊಂದು ಮಾತು ಜಾರಿತು: "ದಿನದ ಸೂಜಿಗಳಿಗೆಲ್ಲ ಬೆಳಿಗ್ಗೇನೇ ದಾರ ಹಾಕಿ ಕೊಟ್ರೆ ಕಳಿಸ್ತೀರಾ? ಇವಳಿಗಂತಲೇ ಒಂದು ಕುರ್ಚಿ ಖಾಲಿ ಇದೆ."

ಅಜ್ಜಿ ಹೊಲಿಗೆ ನಿಲ್ಲಿಸಿದಳು. ಕಥೆಯೊಳಗಿನ ಮುದುಕಿಯರು ಷರತ್ತು ಹಾಕುವಾಗ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ನಾಳೆ ಸಂಜೆ ಸೂಜಿಗಳನ್ನೆಲ್ಲ ಚುಚ್ಚಿಟ್ಟಿರೋ ಈ ಸೂಜಿದಿಂಡು ಒಯ್ಯಿ. ಶುಕ್ರವಾರ ಕೆಲಸ ಶುರುಮಾಡೋ ಮೊದಲು ಚೂಟೀನ ಕರ್ಕೊಂಡು ನಾನೇ ಶಾಲೆಗೆ ಬರ್ತೀನಿ, ಅಷ್ಟರೊಳಗೆ ಒಂದೂ ಬಿಡದ ಹಾಗೆ ದಾರ ಹಾಕಿರ್ಬೇಕು. ಮೊಳಕೈ ಉದ್ದ, ಹೆಚ್ಚೂ ಅಲ್ಲ, ಕಡಿಮೇನೂ ಅಲ್ಲ. ಒಂದು ಬಿಟ್ರೂ ಚೂಟಿ ನನ್ನ ಹತ್ರಾನೇ."

ಗುರುವಾರ ಸಂಜೆ ಸೂಜಿದಿಂಡು ಮೇಜಿನ ಮೇಲೆ ಮುಳ್ಳುಹಂದಿಯ ಹಾಗೆ ಕೂತಿತು. ಚಿಕ್ಕ ಟೀಚರ್ ದಾರದ ತುದಿ ಒದ್ದೆ ಮಾಡಿ, ಉಸಿರು ಬಿಗಿಹಿಡಿದು ಚುಚ್ಚಿದಳು. ದಾರ ಪಕ್ಕಕ್ಕೆ ಹೋಯಿತು. ಮತ್ತೆ ಚುಚ್ಚಿದಳು, ಮತ್ತೆ ಪಕ್ಕಕ್ಕೆ. ಅಕ್ಕನ ಮಾತು ನೆನಪಾದರೆ ಸೂಜಿ ಕೆಳಗಿಡುವಳು, ಎಣಿಸುವ ಸಾಹೇಬರ ನೆನಪಾದರೆ ಮತ್ತೆ ಎತ್ತಿಕೊಳ್ಳುವಳು. ಪೋಣಿಸಿದ ನಾಲ್ಕಾರು ಸೂಜಿಗಳ ದಾರವೂ ಒಂದಕ್ಕೊಂದು ಸುತ್ತಿಕೊಂಡು ಗಂಟಾಯಿತು. ಅದನ್ನು ಬಿಡಿಸುತ್ತ ಕೂತವಳು ಕೊನೆಗೆ ಎಲ್ಲವನ್ನೂ ಚೀಲಕ್ಕೆ ಹಾಕಿ ಎದ್ದಳು.

ಶುಕ್ರವಾರ ಶಾಲೆಯ ಗೇಟಿನಲ್ಲಿ ಔಷಧಿ ಅಂಗಡಿಯಾಕೆ ಮಗಳ ಕೈ ಹಿಡಿದು ನಿಂತಿದ್ದಳು. ಮಗುವಿನ ಬೆನ್ನಿಗೆ ಚೀಲ, ತಲೆಗೆ ಹೊಸ ರಿಬ್ಬನ್ನು.

"ಯೋಚ್ನೆ ಮಾಡಿದ್ರಾ ಟೀಚರ್? ಇವತ್ತೇ ಕೂರಿಸಿಬಿಡಿ."

ಚೀಲದೊಳಗಿನ ಸೂಜಿಯೊಂದು ಬಟ್ಟೆ ತೂರಿ ಅವಳ ಸೊಂಟಕ್ಕೆ ಚುಚ್ಚುತ್ತಿತ್ತು. ಒಂದು ಹೂಂ ಸಾಕಿತ್ತು. ಅವಳು ಮಗುವಿನ ರಿಬ್ಬನ್ ಸರಿಮಾಡಿದಳು.

"ಬೇಡಮ್ಮ. ಗುಡ್ಡದ ಮೇಲೆ ಇವಳ ಕುರ್ಚಿ ಖಾಲಿ ಬಿದ್ದಿದೆ, ಬೇಗ ಹೋಗಿ. ಕಥೆ ನಮ್ಮಕ್ಕನಿಗೂ ಬರುತ್ತೆ. ಒಂದೇ ಅಜ್ಜಿ ಕೈಲಿ ಬೆಳೆದವರು ನಾವು."

ಆಕೆ ಗೊಣಗುತ್ತ ಹೋದಳು. ಚಿಕ್ಕ ಟೀಚರ್ ತರಗತಿಗೆ ಓಡಿ ಸೂಜಿದಿಂಡನ್ನು ಮೇಜಿನ ಮೇಲಿಟ್ಟಳು.

"ನೋಡ್ರೋ, ಕುರ್ಚಿಗೆ ಬರೋ ಹುಡುಗೀನ ಒಬ್ಬ ಅಜ್ಜಿ ಕಟ್ಟಿ ಹಾಕಿದಾಳೆ. ಈ ಸೂಜಿಗಳಿಗೆಲ್ಲ ದಾರ ಹಾಕಿದ್ರೆ ಬಿಡ್ತಾಳಂತೆ. ನನ್ನ ಕೈಲಿ ಆಗ್ಲಿಲ್ಲ."

"ಅಜ್ಜಿ ರಾಕ್ಷಸೀನಾ ಟೀಚರ್?"

"ಇಲ್ಲ, ಕಣ್ಣು ಮಂಜು ಅಷ್ಟೇ. ಚುಚ್ಚಿಕೊಳ್ಳಬೇಡಿ, ಹುಷಾರು."

ಹದಿನಾಲ್ಕು ನಾಲಿಗೆಗಳು ದಾರ ಒದ್ದೆ ಮಾಡಿದವು. ಹದಿನಾಲ್ಕು ಜೋಡಿ ಕಣ್ಣು ಕಿರಿದಾದವು. ಅವಳಿಗೆ ಕಾಣದ ತೂತುಗಳೊಳಗೆ ದಾರ ಸರಾಗ ನುಗ್ಗಿತು. "ನಂದಾಯ್ತು!" "ನಂದೂ!" ಎಂದು ಕೂಗಾಟ. ಗದ್ದಲ ಕೇಳಿ ಬಂದ ದೊಡ್ಡ ಟೀಚರ್ ಹೊಸ್ತಿಲಲ್ಲಿ ಹಣೆ ಚಚ್ಚಿಕೊಂಡರು.

"ಏನ್ರೀ ಇದು? ಸಾಹೇಬರು ಎರಡನೇ ಕ್ಲಾಸ್ ಎಣಿಸಿ ಮುಗಿಸಿದ್ರು, ನಿಮ್ಮಲ್ಲಿ ದರ್ಜಿ ಅಂಗಡಿ ಇಟ್ಟಿದೀರಾ?"

ಅವರ ಹಿಂದೆಯೇ ಅಜ್ಜಿ ಬಂದಳು, ಚೂಟಿಯ ಭುಜದ ಮೇಲೆ ಕೈಯಿಟ್ಟು. ಅವರ ಹಿಂದೆ ಸಾಹೇಬರು.

"ಆಯ್ತಾ ತಾಯಿ?" ಎಂದಳು ಅಜ್ಜಿ.

ಒಂದು ಉಳಿದಿತ್ತು. ಎಲ್ಲಕ್ಕಿಂತ ಸಣ್ಣ ಸೂಜಿ. ಅದು ಕೈಯಿಂದ ಕೈಗೆ ಹೋಯಿತು, ಯಾರಿಗೂ ಒಗ್ಗಲಿಲ್ಲ. ಸಾಹೇಬರು ಮುಂದಿನ ಸಾಲಿನಿಂದ ಎಣಿಸತೊಡಗಿದರು. ಚೂಟಿ ಬಾಗಿಲಲ್ಲೇ ನಿಂತು ಆ ಸೂಜಿಯನ್ನು ನೋಡುತ್ತಿತ್ತು, ತುಟಿ ಕಚ್ಚಿಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ.

"ಹಾಗಲ್ಲ!" ಎಂದಿತು ಕೊನೆಗೆ, ತಡೆಯಲಾರದೆ. "ಓರೆಯಾಗಿ ಕತ್ತರಿಸ್ಬೇಕು."

"ಬಾ, ತೋರಿಸು," ಎಂದಳು ಚಿಕ್ಕ ಟೀಚರ್.

ಚೂಟಿ ಅಜ್ಜಿಯತ್ತ ತಿರುಗಿತು. ಅಜ್ಜಿ ಅದರ ಭುಜದಿಂದ ಕೈ ತೆಗೆದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹೋಗು, ನಿಂದೇ ಅಂತೆ ಆ ಕುರ್ಚಿ," ಎಂದಳು.

ಹುಡುಗಿ ಬೆಂಚುಗಳ ನಡುವೆ ನುಸುಳಿ, ಸೂಜಿ ದಾರ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹೋಯಿತು. ಹಸಿರು ಕುರ್ಚಿಯ ಮೇಲೆ ಕೂತಿತು. ದಾರವನ್ನು ಹಲ್ಲಿಲ್ಲದ ಸಂದಿಯಿಂದ ಎಳೆದು, ಓರೆಯಾಗಿ ಕತ್ತರಿಸಿ, ಸೂಜಿಯನ್ನು ಬೆಳಕಿಗೆ ಹಿಡಿಯಿತು.

"ಹದಿನಾಲ್ಕು," ಎಂದರು ಸಾಹೇಬರು. ಬೆರಳು ಕಿಟಕಿಯತ್ತ ತಿರುಗಿತು. "ಹದಿನೈದು."

ದಾರ ಒಳಗೆ ಹೋಯಿತು. ಚೂಟಿ ಅದನ್ನು ಮೊಳಕೈ ಉದ್ದಕ್ಕೆ ಎಳೆದು, ತುದಿಗೊಂದು ಗಂಟು ಹಾಕಿತು.