ಮೂರನೆಯ ಹಲಗೆ

ಚಿಲ್ಲರೆ ಹಿಡಿದು ಚಾಚಿದ ಸುಂದರನ ಕೈಯನ್ನು ಕಂಡಕ್ಟರ್ ಅದ್ರಾಮ ಮೆಲ್ಲಗೆ ಹಿಂದಕ್ಕೆ ತಳ್ಳಿದ.

"ಇವತ್ತು ಟಿಕೆಟ್ ಇಲ್ಲ. ಧಣಿಯನ್ನು ಕಡೆಯ ಸಲ ನೋಡಲಿಕ್ಕೆ ಹೋಗುವವರಿಗೆ ಬಸ್ಸು ಫ್ರೀ."

"ನಾನು ಅಲ್ಲಿಗೇ ಹೋಗುದು ಅಂತ ನಿನಗೆ ಹೇಗೆ ಗೊತ್ತು?"

"ಹದಿನಾಲ್ಕು ವರ್ಷದಲ್ಲಿ ನೀನು ಒಂದು ದಿನ ಈ ಬಸ್ಸು ಹತ್ತಿದ್ದುಂಟಾ ಮಾರಾಯ?"

ಹತ್ತಿರಲಿಲ್ಲ. ನೆಲ್ಯಾಡಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರೇ ಸುಂದರನ ಸೈಕಲ್ ರಿಪೇರಿ ಅಂಗಡಿ. ಮೇದಪ್ಪ ಗೌಡರ ಬಸ್ಸು ದಿನಕ್ಕೆರಡು ಸಲ ಅಲ್ಲಿಗೆ ಬಂದು, ಮೂತಿ ತಿರುಗಿಸಿ, ಪೆರಾಬೆಯ ಮೇಲಾಗಿ ಪುತ್ತೂರಿಗೆ ಹೋಗುತ್ತಿತ್ತು. ಸುಂದರ ಆ ಕಡೆ ಹೋಗಬೇಕಾದರೆ ರಿಪೇರಿಗೆ ಬಂದ ಯಾರದಾದರೂ ಸೈಕಲ್ ಹತ್ತುತ್ತಿದ್ದ. ಓಡಿಸಿ ಪರೀಕ್ಷೆ ಮಾಡುವ ನೆಪ ಹೇಗೂ ಇತ್ತು. ಒಂದು ಕಾಲದಲ್ಲಿ ಈ ಬಸ್ಸಿನ ಡ್ರೈವರ್ ಅವನೇ. ೧೯೫೨ರಲ್ಲಿ ಗೌಡರ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೆಲಸ ಕಳೆದುಕೊಂಡಿದ್ದ. ಉತ್ತರಗಳೇನೂ ತಪ್ಪಾಗಿರಲಿಲ್ಲ. ಗೌಡರು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯ ಉತ್ತರ ಮಾತ್ರ ಅವನ ಬಳಿಯೇ ಉಳಿದುಬಿಟ್ಟಿತ್ತು. ಕೇಳಬೇಕಾದವರು ಒಬ್ಬರೇ. ಅವರು ನಿನ್ನೆ ಸಂಜೆ ಕಾಫಿ ಲೋಟ ಕೆಳಗಿಟ್ಟು, ಇನ್ನೊಂದು ಮಾತಿಲ್ಲದೆ ತೀರಿಕೊಂಡಿದ್ದರು.

ಪೆರಾಬೆಯ ಗೌಡರ ಅಂಗಳದಲ್ಲಿ ಜನ ತುಂಬಿತ್ತು.

"ಯಜಮಾನ ಸತ್ತ ದಿನವೂ ಬಸ್ಸು ಓಡಿಸುದಾ?" ಹಿರಿಯರೊಬ್ಬರು ಗೊಣಗಿದರು.

"ನಿಲ್ಲಿಸಿದ್ದರೆ ನೀವು ಎಂತದರಲ್ಲಿ ಬರ್ತಿದ್ದಿರಿ?" ಎಂದ ಡ್ರೈವರ್ ಚನಿಯಪ್ಪ. ಹಿರಿಯರು ಬಂದದ್ದು ಅದೇ ಬಸ್ಸಿನಲ್ಲಿ. ಅವರು ವೀಳ್ಯದೆಲೆಯ ನಾರು ತೆಗೆಯುವುದರಲ್ಲಿ ಮಗ್ನರಾದರು.

"ಬೇರೆ ಧಣಿಗಳು ಸಂಜೆ ಕೇಳುದು, ಎಷ್ಟು ಜನ ಹತ್ತಿದರು ಅಂತ," ಅದ್ರಾಮ ಹೇಳಿದ. "ನಮ್ಮವರು ಕೇಳುದು, ಯಾರು ಹತ್ತಲಿಲ್ಲ ಅದ್ರಾಮ? ಹತ್ತದವರನ್ನು ನಾನು ಎಲ್ಲಿಂದ ತರುದು! ಇವರಿಗೆ ಪಿತ್ತ ಏರಿದೆ ಅಂದುಕೊಂಡೆ. ಮತ್ತೆ ನೋಡುವಾಗ ಹೌದು ಮಾರಾಯ್ರೆ, ಕಟ್ಟೆಯ ಹತ್ತಿರ ಒಂದು ಹೆಂಗಸೂ ಹತ್ತುದಿಲ್ಲ. ಬಸ್ಸು ನಿಲ್ಲುದು ಚಾ ಹೋಟೆಲಿನ ಬೆಂಚಿನ ಎದುರು. ಬೆಂಚಿನ ತುಂಬ ಕೆಲಸ ಇಲ್ಲದ ಗಂಡಸರು, ಕಣ್ಣಿಗೆ ಮಾತ್ರ ಕೆಲಸ. ಇಪ್ಪತ್ತು ಮಾರು ಮುಂದೆ ನಿಲ್ಲಿಸಿದೆವು. ಮರುವಾರದಿಂದ ಬುಟ್ಟಿ, ಮಕ್ಕಳು, ಕೋಳಿ ಸಮೇತ ಹತ್ತಿದರು. ಒಂದು ಬಸ್ಸು ಎರಡಾದದ್ದು ಹಾಗೆ."

"ನನಗೆ ಒಂದು ದಿನವೂ ಬೈದವರಲ್ಲ," ಎಂದ ಚನಿಯಪ್ಪ. "ಗಾಡಿ ಚರಂಡಿಗೆ ಇಳಿಸಿದರೂ ಅಷ್ಟೇ. ಎಂತ ಕಂಡಿತು ಚನಿಯ, ಎಂತ ಕೇಳಿತು ಅಂತ ವಿಚಾರಿಸುದು."

ಸುಂದರ ತಾನು ಊಟದ ಪಂಕ್ತಿಯಿಂದ ಎದ್ದುಹೋದ ಮೇಲೆ ಬಡಿಸಿದ ಪಾಯಸದ ಬಣ್ಣನೆಯನ್ನು ಕೇಳಿಸಿಕೊಳ್ಳುವವನಂತೆ ಕುಳಿತಿದ್ದ.

ಅಷ್ಟರಲ್ಲಿ ಮನೆಯ ಹಿಂದೆ ಚಿತೆಗೆ ಮರ ಕಡಿಯುತ್ತಿದ್ದ ಕೊಡಲಿಯ ಸದ್ದು ನಿಂತಿತು. ಗೌಡರ ಮಗ ಅಚ್ಚುತನ ಸ್ವರ ಕೇಳಿಸಿತು. "ಈ ಮಾವಿನ ಮರಕ್ಕೆ ಕೊಡಲಿ ಹಾಕಲಿಕ್ಕೆ ಯಾರು ಹೇಳಿದ್ದು?"

ಯಾರೂ ಉತ್ತರಿಸಲಿಲ್ಲ. ಇನ್ನು ಸಂಜೆಯವರೆಗೂ ಉತ್ತರಿಸುವುದಿಲ್ಲ ಎಂಬುದು ಸುಂದರನಿಗೆ ಗೊತ್ತಿತ್ತು.

"ಅಪ್ಪನ ಹಳೆಯ ಸ್ವರ," ಎಂದು ಚನಿಯಪ್ಪ ಪಿಸುಗುಟ್ಟಿದ. ಆಮೇಲೆ ಪಕ್ಕದಲ್ಲಿದ್ದವನು ಯಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

*

ನೆಲ್ಯಾಡಿಯಿಂದ ಬರುವಾಗ ಪೆರಾಬೆಗೆ ಒಂದು ಮೈಲು ಮೊದಲು, ಸಣ್ಣ ಹೊಳೆಯಂಥ ತೋಡಿಗೆ ಅಡ್ಡವಾಗಿ ಆಗ ಮರದ ಸೇತುವೆಯಿತ್ತು. ಆ ಬೆಳಿಗ್ಗೆ ಸುಂದರ ಸೇತುವೆಯ ಈಚೆಗೇ ಬಸ್ಸು ನಿಲ್ಲಿಸಿ, "ಇಳಿದು ನಡೆಯಿರಿ, ಬಸ್ಸು ದಾಟುದಿಲ್ಲ" ಎಂದುಬಿಟ್ಟ. ಮೂವತ್ತೆಂಟು ಜನ ಗಂಟುಮೂಟೆ ಹೊತ್ತು ನಡೆದರು. ಪುತ್ತೂರಿನ ಕೋರ್ಟಿನಲ್ಲಿ ಒಬ್ಬರ ವಾಯಿದೆ ತಪ್ಪಿತು, ಇನ್ನೊಬ್ಬರಿಗೆ ಮದುವೆಯ ಮುಹೂರ್ತ ತಪ್ಪಿ ಊಟ ಮಾತ್ರ ಸಿಕ್ಕಿತು. ಎಲ್ಲರ ಸಿಟ್ಟೂ ಗೌಡರ ಅಂಗಳಕ್ಕೆ ಬಂತು.

ಗೌಡರು ಅಷ್ಟೂ ಜನರ ಎದುರು ಕೇಳಿದರು. "ನಿಲ್ಲಿಸಲಿಕ್ಕೆ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ ಧಣಿ."

"ಬಸ್ಸು ನಿನ್ನದಾ?"

"ಅಲ್ಲ."

ಎರಡೂ ಸತ್ಯ. ಮೂರನೆಯ ಪ್ರಶ್ನೆಗಾಗಿ ಸುಂದರ ತಲೆ ತಗ್ಗಿಸಿ ಕಾದ. ಕೇಳಿದ್ದರೆ ಹೇಳುತ್ತಿದ್ದ, ಕೇಳದೆ ಹೇಳುವುದಕ್ಕೆ ಇಪ್ಪತ್ತಾರರ ಹರೆಯದ ಹಠ ಬಿಡಲಿಲ್ಲ. ಗೌಡರು ಬಸ್ಸಿನ ಕೀಲಿಗೆ ಕೈ ಚಾಚಿದರು. ಅವನು ಕೊಟ್ಟು, ನೆಲ್ಯಾಡಿಯ ಭಾವನ ಸೈಕಲ್ ಅಂಗಡಿಗೆ ನಡೆದ.

ಹದಿನೆಂಟನೆಯ ದಿನ, ಸುಣ್ಣದ ಕಲ್ಲು ಹೇರಿದ ಎತ್ತಿನ ಗಾಡಿಯ ಕೆಳಗೆ ಸೇತುವೆ ಕುಸಿಯಿತು. ಎತ್ತುಗಳು ಉಳಿದವು, ಗಾಡಿಯವನ ಕಾಲು ಮುರಿಯಿತು. ಅಷ್ಟು ದಿನವೂ ಹೊಸ ಡ್ರೈವರ್ ಸಮಯಕ್ಕೆ ಸರಿಯಾಗಿ ಅದರ ಮೇಲೆ ಬಸ್ಸು ದಾಟಿಸಿದ್ದ. ಗೌಡರು ತೋಡಿನ ಬದಿಯಲ್ಲಿ ಕತ್ತಲಾಗುವವರೆಗೆ ನಿಂತಿದ್ದರಂತೆ. ಮರುದಿನದಿಂದ ಅವರು ಬೇರೆ ಥರ ಪ್ರಶ್ನೆ ಕೇಳತೊಡಗಿದರು. ಎಲ್ಲರನ್ನೂ ಕೇಳಿದರು, ಒಬ್ಬನನ್ನು ಬಿಟ್ಟು.

*

ಬಾಯಿಗೆ ತುಳಸಿ ನೀರು ಬಿಡುವವರ ಸಾಲು ಮುಗಿಯುತ್ತ ಬಂದಿತ್ತು. ಸುಂದರ ಕಂಬದ ಬಳಿಯೇ ನಿಂತಿದ್ದ. ಗೋಡೆಗೆ ಒರಗಿ ಕುಳಿತ ಪೂವಮ್ಮ ಗಂಡನ ಮುಖದಿಂದ ಕಣ್ಣು ತೆಗೆದು ಅವನನ್ನು ನೋಡಿದರು.

"ಸುಂದರ ಅಲ್ವಾ? ಇಲ್ಲಿ ಬಾ."

ಅವನು ಹತ್ತಿರ ಬಂದು ಮಂಡಿಯೂರಿದ.

"ಇವರು ಬಿಸು ಹಬ್ಬದ ಮರುದಿನ ವರ್ಷ ವರ್ಷ ನೆಲ್ಯಾಡಿಗೆ ಬರ್ತಿದ್ದರು. ಗೊತ್ತುಂಟಾ ನಿನಗೆ?"

"ಗೊತ್ತುಂಟಮ್ಮ. ಎಡಬದಿ ಎರಡನೆಯ ಕಿಟಕಿ. ಇಳಿಯುತ್ತಿರಲಿಲ್ಲ."

"ನೀನಾದರೂ ಹತ್ತಿರ ಹೋಗಬಹುದಿತ್ತು."

"ಇಳೀತಾರೆ ಅಂತ ಕಾಯ್ತಿದ್ದೆ. ಅವತ್ತು ಸ್ಟೂಲ್ ಒರೆಸಿ ಹೊರಗೆ ಇಡ್ತಿದ್ದೆ."

ಪೂವಮ್ಮ ಗಂಡನ ಮುಖದತ್ತ ತಿರುಗಿದರು. "ಊರಿಡೀ ಕೇಳಿದ ಬಾಯಿ. ನಿನ್ನ ಹತ್ತಿರ ಮಾತ್ರ ಬರಲಿಲ್ಲ. ಈ ವರ್ಷ ಕೇಳಿಯೇ ಕೇಳ್ತೇನೆ ಅಂತ ಪ್ರತಿ ವರ್ಷ ಅಂಗಿ ಹಾಕಿ ಹೊರಡುದು, ಸಂಜೆ ಬಂದು ತಲೆನೋವು ಅಂತ ಮಲಗುದು." ಅವರು ಸೆರಗು ಸರಿಪಡಿಸಿಕೊಂಡರು. "ಅವರ ಬದಲಿಗೆ ನಾನು ಕೇಳ್ತೇನೆ. ಆ ದಿನ ನಿನಗೆ ಎಂತ ಕೇಳಿತು ಸುಂದರ?"

ಸುಂದರ ಬಾಯಿ ತೆರೆದ.

"ನನಗಲ್ಲ, ಅವರಿಗೆ ಹೇಳು," ಎಂದರು ಪೂವಮ್ಮ. "ಬಲಬದಿಗೆ ಬಾ. ಎಡಕಿವಿ ಅವರಿಗೆ ಕೇಳುದಿಲ್ಲ."

ಸುಂದರ ಬಲಬದಿಗೆ ಸರಿದು ಬಾಗಿದ.

"ಸೇತುವೆಯ ಮೂರನೆಯ ಹಲಗೆ ಸಡಿಲ ಇತ್ತು ಧಣಿ. ಚಕ್ರ ಹತ್ತಿದ ಕೂಡಲೇ ಟಕ್ ಅಂತಿತ್ತು, ದಿನಾ ಹೋಗುವಾಗಲೂ ಬರುವಾಗಲೂ. ಹಿಂದಿನ ಸಂಜೆ ಹೋಗುವಾಗ ಅದು ಟಕ್ ಅನ್ನಲಿಲ್ಲ. ಎಂತದೂ ಕೇಳಲಿಲ್ಲ ಧಣಿ, ಅದಕ್ಕೇ ಹೆದರಿಕೆ ಆಯಿತು. ರಾತ್ರಿ ನಿದ್ರೆ ಬರಲಿಲ್ಲ. ಬೆಳಿಗ್ಗೆ ತೋಡಿಗೆ ಇಳಿದು ನೋಡಿದೆ. ಕೆಳಗಿನ ತೊಲೆ ಸೀಳಿ ಬಾಗಿತ್ತು. ಹಲಗೆ ಅದರಲ್ಲಿ ಸಿಕ್ಕಿ ಬಿಗಿಯಾಗಿತ್ತು."

ಇಷ್ಟೇ. ಹದಿನಾಲ್ಕು ವರ್ಷ ಇಟ್ಟುಕೊಂಡದ್ದು ಇಷ್ಟು ಬೇಗ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ. ಪೂವಮ್ಮ ತುಳಸಿಯ ಎಸಳನ್ನು ಅವನ ಕೈಗಿತ್ತರು. ಅವನು ನೀರು ಬಿಟ್ಟ. ನೀರು ತುಟಿಯ ಅಂಚಿನಿಂದ ಕೆನ್ನೆಗೆ ಇಳಿಯಿತು. ಪೂವಮ್ಮ ಸೆರಗಿನಲ್ಲಿ ಒರೆಸಿದರು.

ಮನೆಯ ಹಿಂದೆ ಅಚ್ಚುತ ಇಳಿದ ಸ್ವರದಲ್ಲಿ ಯಾರನ್ನೋ ಕೇಳುತ್ತಿದ್ದ, "ಹಾಗಾದರೆ ಯಾವ ಮರ ಆದೀತು?" ನಾಲ್ಕು ಜನ ಒಟ್ಟಿಗೆ ಉತ್ತರ ಹೇಳಿದರು.

ಸಂಜೆಯ ಬಸ್ಸಿನಲ್ಲಿ ಸುಂದರ ಎಡಬದಿಯ ಎರಡನೆಯ ಕಿಟಕಿಗೆ ಕುಳಿತ. ಅವನ ಅಂಗಿಯಲ್ಲಿ ಮಾವಿನ ಹಸಿ ಸೌದೆಯ ಹೊಗೆಯ ವಾಸನೆಯಿತ್ತು. ತೋಡಿನ ಸಿಮೆಂಟು ಸೇತುವೆ ಬಂತು, ಹೋಯಿತು. ಚಕ್ರದಡಿಯಲ್ಲಿ ಏನೂ ಕೇಳದಿದ್ದರೂ ಅವನು ತಲೆ ಎತ್ತಿ ನೋಡಿದ.

"ನೆಲ್ಯಾಡಿ," ಎಂದ ಅದ್ರಾಮ.

ಉಳಿದವರು ಇಳಿದರು. ಸುಂದರ ಏಳಲಿಲ್ಲ. ಚನಿಯಪ್ಪ ಎಂಜಿನ್ ನಿಲ್ಲಿಸಿ, ಏನೂ ಕೇಳದೆ, ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕುಳಿತ. ಕಿಟಕಿಯ ಆಚೆ ಅಂಗಡಿ ಎಷ್ಟು ಹತ್ತಿರವಿತ್ತೆಂದರೆ, ಗೋಡೆಗೆ ತೂಗುಹಾಕಿದ ಟಯರುಗಳ ಧೂಳೂ ಕಾಣುತ್ತಿತ್ತು. ಬೆಳಿಗ್ಗೆ ಅವಸರದಲ್ಲಿ ಒಳಗಿಡಲು ಮರೆತಿದ್ದ ಸ್ಟೂಲ್, ಹೊಸ್ತಿಲ ಹೊರಗೆ, ಬಸ್ಸಿಗೆ ಮುಖಮಾಡಿ ನಿಂತಿತ್ತು.