ವಿದ್ಯೆಯ ಗುಟುಕು

ಹುಳ ಕಂಡರೆ ಅವಳಿಗೆ ಎಂದೂ ಅಸಹ್ಯವಾದದ್ದಿಲ್ಲ. ಸತ್ತ ಇಲಿಯ ಹೊಟ್ಟೆಯಲ್ಲಿ ಮಿಜಿಗುಡುವ ಮರಿಹುಳಗಳನ್ನು ಇಕ್ಕಳದಿಂದೆತ್ತಿ, ಬೆಳಕಿಗೆ ಹಿಡಿದು, "ನೋಡಿ, ಎಷ್ಟು ಲಕ್ಷಣವಾಗಿದೆ" ಎಂದು ವಿದ್ಯಾರ್ಥಿಗಳಿಗೆ ತೋರಿಸಿ, ಆಮೇಲೆ ಕೈ ತೊಳೆದುಕೊಂಡು ನೆಮ್ಮದಿಯಾಗಿ ಊಟಕ್ಕೆ ಕೂರುವ ಹೆಂಗಸು. ಕೀಟಶಾಸ್ತ್ರ ಹೇಳಿಕೊಡುತ್ತಿದ್ದುದರಿಂದ ಹುಡುಗರು ಅವಳಿಗೆ 'ಹುಳದ ಮೇಡಂ' ಎಂದು ಹೆಸರಿಟ್ಟಿದ್ದರು. ಅಂಥವಳಿಗೆ ಆ ಹಳೆಯ ವಿಶ್ವವಿದ್ಯಾಲಯ ಸೇರಿದ ಮೇಲೆ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ ಎಂದರೆ ಅವಳ ಅಕ್ಕ ಮೊದಮೊದಲು ನಂಬಲೇ ಇಲ್ಲ.

ಕೆಲಸಕ್ಕೆ ಸೇರಿದ ದಿನವೇನೋ ಅವಳ ಕಾಲು ನೆಲದ ಮೇಲಿರಲಿಲ್ಲ. ಡೀನ್ ಖುದ್ದಾಗಿ ಬಂದು ಎಲ್ಲ ಸುತ್ತಾಡಿಸಿದರು. ಬಿಳಿಗಡ್ಡ, ಬೆಣ್ಣೆಯಂಥ ಮಾತು, ಯಾರನ್ನು ಮಾತಾಡಿಸಿದರೂ ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಇಟ್ಟುಕೊಳ್ಳುವ ಅಭ್ಯಾಸ. ಮೆಟ್ಟಿಲುಗಳು ತಲೆಮಾರುಗಳ ಪಾದಗಳಿಂದ ಸವೆದು ನಡುವೆ ತಗ್ಗಾಗಿದ್ದವು. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಯಾರೂ ಹೊತ್ತೊಯ್ಯದಂತೆ ಹಿಂದಿನವರು ಬಿಗಿದಿದ್ದ ಸರಪಳಿಗಳು ಇನ್ನೂ ಕಪಾಟಿನಿಂದ ತೂಗುತ್ತಿದ್ದವು. ಊಟದ ಹಜಾರದಲ್ಲಿ ಪ್ರೊಫೆಸರುಗಳ ಮೇಜು ಕಟ್ಟೆಯ ಮೇಲೆ, ವಿದ್ಯಾರ್ಥಿಗಳ ಬೆಂಚು ಕೆಳಗೆ. ಅಂಗಳದ ಹುಲ್ಲನ್ನು ಕಪ್ಪು ನಿಲುವಂಗಿ ತೊಟ್ಟ ಅಧ್ಯಾಪಕರು ಮಾತ್ರ ತುಳಿಯಬಹುದು; ಮಿಕ್ಕವರು ಸುತ್ತು ಬಳಸಿ ಹೋಗಬೇಕು.

"ಇನ್ಮೇಲೆ ನೀವು ಧಾರಾಳವಾಗಿ ತುಳೀಬಹುದಮ್ಮ," ಎಂದರು ಡೀನ್.

ಅವಳು ನಾಚಿಕೊಂಡೇ ಹುಲ್ಲಿನ ಮೇಲೆ ಕಾಲಿಟ್ಟಳು. ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು.

ಅಂಗಳದ ನಡುವೆ ಕಲ್ಲು ಕಟ್ಟಿದ ಒಂದು ಕೊಳವಿತ್ತು. ಪಾಚಿಗಟ್ಟಿದ ನೀರು, ಮೇಲೆ ತೆಳ್ಳನೆಯ ಜಿಡ್ಡು.

"ಇದೇ ನಮ್ಮ ಪ್ರಾಣ," ಎಂದರು ಡೀನ್. "ಹೊಸ ವಿದ್ಯಾರ್ಥಿಗಳು ಇದ್ರಲ್ಲಿಳಿದು ಒಂದು ಗುಟುಕು ಕುಡಿದ್ಮೇಲೇನೇ ಇಲ್ಲಿಯವರಾಗೋದು. ವಿದ್ಯೆಯ ಗುಟುಕು ಅಂತೀವಿ."

ತಮಾಷೆ ಇರಬೇಕೆಂದುಕೊಂಡು ಅವಳು ನಕ್ಕಳು. ನಗುತ್ತಲೇ, ಕಸುಬಿನ ಚಾಳಿಯಂತೆ, ಬಗ್ಗಿ ನೀರನ್ನು ನೋಡಿದಳು. ಉದ್ದ ಬಾಲದ ಬೂದು ಹುಳಗಳು ಅಡಿಯಲ್ಲಿ ತೆವಳುತ್ತಿದ್ದವು. ಬಾಲದ ತುದಿಯನ್ನು ನೀರಿನ ಮೇಲೆ ಚಾಚಿ ಉಸಿರಾಡುವ ಜಾತಿ. ಹೆಚ್ಚಾಗಿ ಚರಂಡಿ, ಸಗಣಿಗುಂಡಿಗಳಲ್ಲಿ ಸಿಗುತ್ತವೆ. ಎಲ್ಲಿಂದ ಬಂದವು ಎಂದು ಸುತ್ತ ಹುಡುಕಿದಾಗ, ಅಡುಗೆಮನೆಯ ಗೋಡೆಯಿಂದ ಹೊರಟ ಪೈಪೊಂದು ಕೊಳದೊಳಕ್ಕೆ ಬಾಯಿಬಿಟ್ಟಿದ್ದುದು ಕಂಡಿತು.

"ಸರ್, ಪಾತ್ರೆ ತೊಳೆದ ನೀರೆಲ್ಲ ಇದಕ್ಕೇ ಬರ್ತಿದೆ."

"ಅದೂ ಕಟ್ಟಡದಷ್ಟೇ ಹಳೇದಮ್ಮ," ಎಂದು ಡೀನ್ ಅವಳ ಕೈ ಸವರಿದರು.

ಸ್ವಾಗತದ ದಿನ ಪ್ರೊಫೆಸರುಗಳೆಲ್ಲ ನಿಲುವಂಗಿ ತೊಟ್ಟು, ಕೈಯಲ್ಲಿ ಗ್ಲಾಸು ಹಿಡಿದು ಮೇಲಿನ ಮೊಗಸಾಲೆಯಲ್ಲಿ ಸಾಲಾಗಿ ನಿಂತರು. ಕೆಳಗೆ ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಕುರಿ ಅಟ್ಟಿದಂತೆ ಅಟ್ಟಿಕೊಂಡು ಬಂದರು. ಊಟ ಆಗಷ್ಟೇ ಮುಗಿದಿತ್ತು. ಕೊಳದ ಮೇಲೆ ಮೂಳೆಚೂರು, ನೆನೆದ ಬ್ರೆಡ್ಡು, ಬಿಳಿ ಕೊಬ್ಬು ತೇಲುತ್ತಿದ್ದವು. ಎದೆಮಟ್ಟದ ನೀರಿಗಿಳಿದ ಮಕ್ಕಳು ಬೊಗಸೆಯಲ್ಲಿ ಅದನ್ನೇ ಎತ್ತಿ ಕುಡಿದು, ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು. ಅವಳು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟಳು. ಪಕ್ಕದಲ್ಲಿದ್ದ ಇತಿಹಾಸದ ಪ್ರೊಫೆಸರು ಈ ಪದ್ಧತಿ ಯಾವ ರಾಜನ ಕಾಲದ್ದೆಂದು ಅವಳ ಕಿವಿಯ ಹತ್ತಿರವೇ ವಿವರಿಸುತ್ತಿದ್ದರು.

ಗುಂಗುರು ಕೂದಲಿನ ಒಬ್ಬ ಹುಡುಗಿ ಮಾತ್ರ ಕಟ್ಟೆಯ ಮೇಲೇ ನಿಂತುಬಿಟ್ಟಳು.

"ನಾನು ಕುಡಿಯಲ್ಲ. ಗಬ್ಬು ನಾರ್ತಿದೆ."

ಅವಳನ್ನು ಎಳೆದು ಕೆಡವಿದರು. ಇಬ್ಬರು ತೋಳು ಹಿಡಿದರೆ ಒಬ್ಬ ಕೂದಲು ಹಿಡಿದು ಮುಖವನ್ನು ನೀರಿಗೆ ಅದುಮಿದ. ಮೇಲಿನಿಂದ ಪ್ರೊಫೆಸರುಗಳು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟತೊಡಗಿದರು: "ಗುಟುಕು! ಗುಟುಕು!" ಹುಳದ ಮೇಡಂ ಡೀನ್ ಕಡೆ ತಿರುಗಿದಳು. ಈಗಲಾದರೂ ನಿಲ್ಲಿಸಿಯಾರು ಎಂಬ ಆಸೆ. ಡೀನ್ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ಗಡ್ಡದಲ್ಲಿ ಊಟದ ಎಣ್ಣೆ ಹೊಳೆಯುತ್ತಿತ್ತು.

ಅವಳು ಮೆಟ್ಟಿಲಿಳಿದು ಓಡಿದಳು. ಎಳೆದಾಡುತ್ತಿದ್ದವರನ್ನು ತಳ್ಳಿ ಹುಡುಗಿಯನ್ನು ದಡಕ್ಕೆ ತಂದಾಗ ಅದು ಅವಳ ಮಡಿಲಲ್ಲೇ ವಾಂತಿ ಮಾಡಿಕೊಂಡಿತು. ಅದೊಂದು ಅವಳಿಗೆ ಹೇಸಿಗೆಯೆನಿಸಲಿಲ್ಲ.

ಹುಡುಗಿ ಜ್ವರ, ಭೇದಿಯಿಂದ ಆಸ್ಪತ್ರೆ ಸೇರಿದಳು. ಮೇಡಂ ದಿನವೂ ಹೋಗಿ ಪಕ್ಕದಲ್ಲಿ ಕೂತಳು. ಒಣಗಿದ ತುಟಿಯ ಹುಡುಗಿ ಅವಳ ಬೆರಳು ಹಿಡಿದು, "ಅವರನ್ನ ಸುಮ್ನೆ ಬಿಡಬೇಡಿ ಮೇಡಂ," ಎಂದಿತು.

"ಬಿಡಲ್ಲ ಕಣೆ," ಎಂದಳು ಇವಳು.

ಹುಡುಗಿಯ ಅಪ್ಪ ಬಂದು ಗಲಾಟೆ ಮಾಡಿದ ಮೇಲೆ ಡೀನ್ ತಮ್ಮ ಕೋಣೆಗೆ ಬರುವಂತೆ ಹುಳದ ಮೇಡಂಗೆ ಹೇಳಿಕಳಿಸಿದರು. ಚಹಾ ತರಿಸಿದರು. ಕೋಣೆಯಲ್ಲಿ ಇತಿಹಾಸದವರೂ, ಊಟದ ಮೇಜಿನಲ್ಲಿ ಯಾವಾಗಲೂ ಇವಳ ಪಕ್ಕ ಕೂರುತ್ತಿದ್ದ ರಸಾಯನಶಾಸ್ತ್ರದ ಮೇಡಂ ಕೂಡ ಇದ್ದರು.

"ನೀವು ವಿಜ್ಞಾನದೋರು. ನೀವೊಂದು ಮಾತು ಹೇಳಿದ್ರೆ ಮುಗೀತು. ನೀರು ಚೆನ್ನಾಗಿದೆ, ಹುಡುಗಿ ಹೊರಗೆ ಏನೋ ತಿಂದಿದ್ದಾಳೆ, ಅಷ್ಟೇ," ಎಂದರು ಡೀನ್. ಅವಳ ಕೈಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಕೇಳಿದರು, "ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ ಅಲ್ವೇನಮ್ಮ?"

ಆ ಅಂಗೈ ಬೆಚ್ಚಗೆ, ತೇವವಾಗಿತ್ತು. ಅವಳು ಕೈ ಕಿತ್ತುಕೊಂಡು ಅವರೆದುರೇ ಬಟ್ಟೆಗೆ ಒರೆಸಿಕೊಂಡಳು.

"ಆ ನೀರಲ್ಲಿ ಹಂದಿನೂ ಹೊರಳಲ್ಲ ಸರ್. ನನ್ನ ಬಾಯಲ್ಲಿ ಆ ಮಾತು ಬರಲ್ಲ."

ಡೀನ್ ಸಿಟ್ಟಾಗಲಿಲ್ಲ. ನಿಧಾನವಾಗಿ ರಸಾಯನಶಾಸ್ತ್ರದ ಮೇಡಂ ಕಡೆ ನೋಡಿದರು. ಆಕೆ ಬಿಸ್ಕತ್ತು ನುಂಗಿ, ಗಂಟಲು ಸರಿಮಾಡಿಕೊಂಡು, "ನಾನು ಪರೀಕ್ಷೆ ಮಾಡಿದೀನಿ ಸರ್, ನೀರು ಚೆನ್ನಾಗೇ ಇದೆ," ಎಂದಳು. ಕೊಳದ ಹತ್ತಿರ ಆಕೆ ಸುಳಿದದ್ದನ್ನೂ ಯಾರೂ ಕಂಡಿರಲಿಲ್ಲ.

ಅಲ್ಲಿಗೆ ವಿಷಯ ತಣ್ಣಗಾಯಿತು. ಊಟದ ಕಟ್ಟೆಯ ಮೇಲೆ ಹುಳದ ಮೇಡಂ ಕೂತರೆ ಪಕ್ಕದವರು ತಟ್ಟೆ ಸರಿಸಿಕೊಳ್ಳುವುದು ಶುರುವಾಯಿತು. ಅವರು ತುತ್ತು ತುತ್ತಿಗೂ ಪರಂಪರೆ, ಸಂಸ್ಕಾರ ಎನ್ನುವುದು, ತುಟಿ ಚಪ್ಪರಿಸುವುದು, ಮೂಳೆ ಚೀಪಿ ತಟ್ಟೆಗೆಸೆಯುವುದು, ಅದೆಲ್ಲ ಎಲ್ಲಿಗೆ ಹೋಗಿ ಬೀಳುತ್ತದೆಂದು ಗೊತ್ತಿದ್ದೂ ಇನ್ನಷ್ಟು ಬಡಿಸಿಕೊಳ್ಳುವುದು. ಅವಳು ನೀರು ಕುಡಿದು ಎದ್ದುಬಿಡುತ್ತಿದ್ದಳು. ಕೆನ್ನೆ ಒಳಸೇರಿತು.

"ಬಿಟ್ಟು ಬಾರೇ, ಹಾಳಾಗಲಿ," ಎಂದಳು ಅಕ್ಕ. "ಇಲ್ಲೇನು ನಿನಗೆ ಒಂದು ಹೊತ್ತಿನ ಊಟಕ್ಕೆ ಬರವಾ? ನಿಮ್ಮ ಭಾವನೂ ಅದನ್ನೇ ಅಂತಿದಾರೆ."

"ಆ ಹುಡುಗಿ ಇನ್ನೂ ಅಲ್ಲೇ ಓದ್ತಿದಾಳಕ್ಕ. ಅವಳೊಬ್ಬಳನ್ನೇ ಆ ಕೊಳಕರ ಮಧ್ಯೆ ಬಿಟ್ಟು ಹೇಗೆ ಬರ್ಲಿ?"

ಹುಡುಗಿ ಗೆಲುವಾಗಿ ಓಡಾಡಿಕೊಂಡಿದ್ದಳು. ಮೊದಮೊದಲು ಪ್ರಯೋಗಾಲಯಕ್ಕೆ ಬಂದು ಮಾತಾಡಿ ಹೋಗುತ್ತಿದ್ದವಳು ಬರಬರುತ್ತಾ ದೂರದಿಂದಲೇ ತಲೆಯಾಡಿಸತೊಡಗಿದಳು. ಓದಿನ ಒತ್ತಡವಿರಬೇಕೆಂದು ಮೇಡಂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುವರ್ಷದ ಸ್ವಾಗತದ ದಿನ ಅವಳು ಮೊಗಸಾಲೆಗೆ ಹೋಗದೆ ನೇರ ಕೊಳದ ಕಟ್ಟೆಯ ಮೇಲೆ ಹೋಗಿ ನಿಂತಳು. ಹೊಸಬರನ್ನು ಅಟ್ಟಿಕೊಂಡು ಗುಂಪು ಬಂತು. ಮುಂದೆ ತೋಳಿಗೆ ನಾಯಕಿಯ ಕೆಂಪು ಪಟ್ಟಿ ಹಾಕಿಕೊಂಡು, ಒಬ್ಬ ಸಣಕಲ ಹುಡುಗಿಯ ಕತ್ತಿನ ಹಿಂಭಾಗ ಹಿಡಿದು ನೂಕುತ್ತಾ ಬಂದವಳು ಗುಂಗುರು ಕೂದಲಿನವಳೇ.

ಮೇಡಂ ಅವಳಿಗೆ ಅಡ್ಡ ನಿಂತಳು. "ಏನೇ ಇದು? ಬಿಡು ಅವಳನ್ನ!"

"ಪಕ್ಕಕ್ಕೆ ಬನ್ನಿ ಮೇಡಂ. ನಾವೂ ಕುಡಿದಿಲ್ವಾ? ಇವರನ್ಯಾಕೆ ಪುಕ್ಕಟೆ ಬಿಡ್ಬೇಕು?"

"ಆಸ್ಪತ್ರೇಲಿ ಮಲಗಿದ್ದು ಮರೆತುಹೋಯ್ತಾ ನಿಂಗೆ?"

"ಮರೆತಿಲ್ಲ," ಎಂದಿತು ಹುಡುಗಿ. "ಅದಕ್ಕೇ."

ಮೇಲಿನಿಂದ ಡೀನ್ ಮೆಚ್ಚುಗೆಯಿಂದ ಗ್ಲಾಸು ಎತ್ತಿದರು. ಹುಡುಗಿ ಅತ್ತ ನೋಡಿ ಹಲ್ಲು ಕಿರಿದಳು. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು ಮೇಡಂಗೆ. ಆದರೆ ಆ ಮುಖವನ್ನು ಮುಟ್ಟುವುದಕ್ಕೂ ಮನಸ್ಸಾಗಲಿಲ್ಲ. ಸಣಕಲ ಹುಡುಗಿಯನ್ನು ಅವರು ನೀರಿಗೆ ತಳ್ಳಿದ್ದೇ ಮೇಡಂ ತಾನೂ ಧುಮುಕಿ, ಅದನ್ನು ಬೆನ್ನ ಹಿಂದೆ ಹಾಕಿಕೊಂಡು, ಮಿಕ್ಕ ಹೊಸಬರತ್ತ ಕೂಗಿದಳು: "ಯಾರೂ ಕುಡೀಬೇಡಿ! ಇದು ಚರಂಡಿ ನೀರು! ಓಡಿ ಇಲ್ಲಿಂದ!"

ಯಾರೂ ಓಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮುಂದಿದ್ದ ಹುಡುಗನೊಬ್ಬ ತಾನಾಗಿಯೇ ಇಳಿದು, ಮೊಗಸಾಲೆಯತ್ತ ಬೊಗಸೆ ಎತ್ತಿ ತೋರಿಸಿ, ಗಟಗಟನೆ ಕುಡಿದು ಬಾಯೊರೆಸಿಕೊಂಡ. ಚಪ್ಪಾಳೆ ಬಿತ್ತು. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬಳು, ನಾ ಮುಂದೆ ತಾ ಮುಂದೆ ಎಂದು ಇಳಿದರು.

ಅವಳು ಸಣಕಲ ಹುಡುಗಿಯ ಕೈ ಹಿಡಿದು, ಕೊಬ್ಬು ಮೆತ್ತಿದ ಬಟ್ಟೆಯಲ್ಲೇ ಹೆಬ್ಬಾಗಿಲು ದಾಟಿ ನೇರ ಊರಿನ ಆರೋಗ್ಯ ಕಚೇರಿಗೆ ಹೋದಳು. ಅಲ್ಲಿಯ ಅಧಿಕಾರಿ ಆ ವಿಶ್ವವಿದ್ಯಾಲಯದಲ್ಲೇ ಓದಿದವನು. ಎಲ್ಲ ಕೇಳಿಸಿಕೊಂಡು, "ಅಯ್ಯೋ, ಇನ್ನೂ ನಡೀತಿದೆಯಾ ಅದು! ನಾವೂ ಕುಡಿದಿದ್ವಿ," ಎಂದು ಖುಷಿಯಿಂದ ನಕ್ಕ. ಸಣಕಲ ಹುಡುಗಿಯನ್ನು ಅವಳ ಅಮ್ಮ ಬಂದು ಕರೆದುಕೊಂಡು ಹೋದಳು; ಬೇರೆ ಕಾಲೇಜಿಗೆ ಸೇರಿಸಿದರಂತೆ. ಹುಳದ ಮೇಡಂ ಕೆಲಸ ಬಿಟ್ಟಳು. ಈಗ ಧಾನ್ಯದ ಗೋದಾಮುಗಳಲ್ಲಿ ನುಸಿ, ಹುಳ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ.

ಕೊಳಕ್ಕೆ ಧುಮುಕಿದ ಆ ದಿನ ಸಂಜೆ ಅಕ್ಕನ ಮನೆಯ ಬಚ್ಚಲಲ್ಲಿ ಕೂತು ಎಷ್ಟು ಉಜ್ಜಿದರೂ ಕೂದಲ ಜಿಡ್ಡು ಹೋಗಲಿಲ್ಲ. ಅಕ್ಕ ಮತ್ತೆ ಮತ್ತೆ ಬಿಸಿನೀರು ತಂದು ಸುರಿದಳು.

"ಅಲ್ಲಾ ಕಣೆ, ಆ ಗುಂಗುರು ಕೂದಲಿನ ಹುಡುಗಿ ಏನಾದ್ಲು? ಅವಳಿಗೋಸ್ಕರ ಅಷ್ಟೆಲ್ಲ ಒದ್ದಾಡಿದ್ಯಲ್ಲ?"

ಅವಳು ಮುಖದ ಮೇಲಿನ ನೊರೆ ಒರೆಸಿಕೊಂಡಳು.

"ಚೆನ್ನಾಗಿದಾಳಕ್ಕ. ಮುಂದೆ ಡೀನ್ ಆಗ್ತಾಳೆ."