ಚೆನ್ನಾಜಮ್ಮನ ಚಕ್ಕೆ ಬನ್ನಿನ ಲಟ್ಟಣಿಗೆ

ಇಗೋ, ಉರಿಯೋ ಒಲೆ ಎದುರಿಗೇ ಹೇಳ್ತಾ ಇದೀನಿ. ನಾನು ಹೇಳೋದ್ರಲ್ಲಿ ಒಂದು ಕೂದಲೆಳೆಯಷ್ಟು ಸುಳ್ಳಿದ್ರೂ ನನಗೆ ಗೆದ್ದಲು ಹತ್ತಲಿ. ಗೆದ್ದಲು ತಿಂದು ಮಿಕ್ಕಿದ್ದನ್ನ ನೀರೊಲೆಗೆ ಇಕ್ಕಲಿ. ಮರ ಆಗಿ ಹುಟ್ಟಿದ ಮೇಲೆ ಇದಕ್ಕಿಂತ ದೊಡ್ಡ ಆಣೆ ಇಲ್ಲ ಕಣ್ರಪ್ಪ.

ನಾನೊಂದು ಲಟ್ಟಣಿಗೆ. ಚಪಾತಿ ಲಟ್ಟಿಸೋ ಸಣಕಲು ಜಾತಿ ಅಂದ್ಕೋಬೇಡಿ. ಅರಸೀಕೆರೆ ಸ್ಟೇಷನ್ ಹತ್ರ ರೈಲು ಕಂಬಿ ಹೊತ್ಕೊಂಡು ಮಲಗಿದ್ದ ದಿಮ್ಮಿ ನಾನು. ದಿನಾ ಬೆಳಗಾದ್ರೆ ರೈಲು ನನ್ನ ಬೆನ್ನು ತುಳ್ಕೊಂಡೇ ಹೋಗೋದು. ಗೂಡ್ಸ್ ಗಾಡಿ ಬಂದ್ರಂತೂ ಹಲ್ಲು ಕಚ್ಕೊಂಡು ಬಿದ್ದಿರ್ತಿದ್ದೆ. ಒಂದಿನ ನನ್ನ ಕಿತ್ತಾಕಿ ಕಬ್ಬಿಣದ್ದು ಹಾಕಿದ್ರು. ಸುಬ್ಬಾಚಾರಿ ಅನ್ನೋ ಬಡಗಿ ನನ್ನ ಗರಗಸದಲ್ಲಿ ಸೀಳಿದ, ಬಾಚಿಯಲ್ಲಿ ಕೊಚ್ಚಿದ, ಉಳಿಯಲ್ಲಿ ಸುಲಿದ. ಆನೆ ಹಂಗಿದ್ದೋನ್ನ ತೋಳಷ್ಟು ಮಾಡಿ, ಎಣ್ಣೆ ಬಳಿದು ಬಿಸಿಲಿಗಿಟ್ಟ. ನಾನು ಅಳ್ಲಿಲ್ಲ. ರೈಲು ಹೊತ್ತೋನಿಗೆ ಉಳಿ ಯಾವ ಲೆಕ್ಕ?

ನನ್ನ ಮಾಡಿಸ್ಕೊಂಡೋರು ರೈಲ್ವೆ ಕಾಲೋನಿಯ ಡಲ್ಸಿ ದೊರೆಸಾನಿ, ಇಂಜಿನ್ ಡ್ರೈವರ್ ಹೆಂಡ್ತಿ. ಆಯಮ್ಮ ಮಾಡ್ತಿದ್ದಿದ್ದು ಚಕ್ಕೆ ಬನ್ನು. ಮೈದಾಕ್ಕೆ ಮೊಟ್ಟೆ, ಬೆಣ್ಣೆ, ಹಾಲು ಹಾಕಿ ಕಲಸೋದು, ಉಬ್ಬೋಕೆ ಬಿಡೋದು, ಉಬ್ಬಿದ ಮೇಲೆ ಗುದ್ದಿ ಗಾಳಿ ತೆಗಿಯೋದು. ಆಮೇಲೆ ನನ್ನ ಸರದಿ. ನಾನು ಉರುಳಿ ಉರುಳಿ ಹಿಟ್ಟನ್ನ ಚಾಪೆ ಮಾಡ್ಬೇಕು. ಅದರ ಮೇಲೆ ಬೆಣ್ಣೆ ಸವರಿ, ಬೆಲ್ಲದ ಪುಡಿ, ಚಕ್ಕೆ ಪುಡಿ ಉದುರಿಸಿ, ಚಾಪೆ ಸುತ್ತಿದಂಗೆ ಸುತ್ತಿ, ದಾರ ಬಿಗಿದು ಕುತ್ತಿಗೆ ಕುಯ್ದಂಗೆ ತುಂಡು ತುಂಡು ಮಾಡೋದು. ನೋಡೋಕೆ ಕೊಲೆ, ತಿನ್ನೋಕೆ ಸ್ವರ್ಗ.

ಆ ಮನೇಲಿ ಕೆಲ್ಸಕ್ಕಿದ್ದೋಳೇ ಚೆನ್ನಾಜಮ್ಮ. ಮೊದಮೊದಲು ಹಿಟ್ಟನ್ನ ಕೂಸಿನ ಬೆನ್ನು ತಟ್ಟಿದಂಗೆ ತಟ್ಟೋಳು.

"ಚೆನ್ನಾಜಿ, ಮುದ್ದು ಮಾಡಬ್ಯಾಡ! ಯಾರ ಮೇಲೆ ಕೋಪ ಐತೆ, ಅವರ ಮೂತಿ ಅಂದ್ಕೊಂಡು ಹೊಡಿ!" ಅಂದ್ಲು ದೊರೆಸಾನಿ.

ಚೆನ್ನಾಜಮ್ಮ ಕಣ್ಣು ಮುಚ್ಚಿ ಒಂದು ಗುದ್ದು ಗುದ್ದಿದ್ಲು ನೋಡಿ, ಮೇಜಿನ ಕಾಲು ಮುರಿದು, ಮೂಲೇಲಿದ್ದ ಬೆಕ್ಕು ಹಾರಿ ಪಕ್ಕದ ಮನೆ ಸೂರಿನ ಮೇಲೆ ಬಿತ್ತು.

"ಯಪ್ಪಾ! ಯಾರ ಮೂತಿ ಅದು?"

"ನಮ್ಮ ಭಾವನೋರ್ದು, ಅಮ್ಮಾವ್ರೇ."

ಆ ಭಾವನ ಹೆಸರು ಬೋರೇಗೌಡ. ಚೆನ್ನಾಜಮ್ಮನ ಗಂಡ ಯಾರ್ಡಿನಲ್ಲಿ ವ್ಯಾಗನ್ ಮಧ್ಯೆ ಸಿಕ್ಕಿ ಸತ್ತಿದ್ದ. ಮೂರನೇ ದಿನದ ಹಾಲು ತುಪ್ಪ ಬಿಡೋ ಹೊತ್ತಿಗೇ ಗಂಡನ ಅಣ್ಣ ಈ ಗೌಡ ಬಂದು, "ಮನೆ ಹಿತ್ತಲು ನಂದು, ನೀನು ತವರಿಗೆ ನಡಿ" ಅಂದಿದ್ದ. ಅವಳಿಗೆ ತವರಲ್ಲಿ ಯಾರೂ ಉಳಿದಿರ್ಲಿಲ್ಲ. ಹೋಗಲ್ಲ ಅಂದಿದ್ದಕ್ಕೆ ಜಡೆ ಹಿಡಿದು ಹೊಸಲಿನ ಮೇಲೆ ಎಳೆದಾಡಿದ್ದ. ಆದ್ರೂ ಅವಳು ಆ ಮನೆ ಬಿಟ್ಟಿರ್ಲಿಲ್ಲ. ಅವಳ ಹುಬ್ಬಿನ ಮೇಲಿನ ಗಾಯದ ಗುರುತು ನಾನು ದಿನಾ ಕೆಳಗಿಂದ ನೋಡ್ತಿದ್ದೆ. ಹಿಟ್ಟು ಗುದ್ದುವಾಗ ಅದು ಕೆಂಪಗೆ ಹೊಳೆಯೋದು.

ಡ್ರೈವರ್ರಿಗೆ ವರ್ಗ ಆಯ್ತು. ದೊರೆಸಾನಿ ಹೋಗುವಾಗ ನನ್ನನ್ನ ಚೆನ್ನಾಜಮ್ಮನ ಕೈಗೆ ಕೊಟ್ಟು, "ಇಟ್ಕೋ. ಹಿಟ್ಟಿಗೂ ಆಯ್ತದೆ, ಇನ್ನೊಂದಕ್ಕೂ ಆಯ್ತದೆ" ಅಂದು ಕಣ್ಣು ಹೊಡೆದ್ಲು.

ಚೆನ್ನಾಜಮ್ಮ ಹಿತ್ತಲಲ್ಲಿ ಕಲ್ಲು, ಕೆಮ್ಮಣ್ಣು ಸೇರಿಸಿ ಬನ್ನು ಬೇಯಿಸೋಕೆ ತಾನೇ ಒಂದು ಗೂಡೊಲೆ ಕಟ್ಟಿದ್ಲು. ಹಿಟ್ಟು ಉಬ್ಬಿಸೋ ಈಸ್ಟು ದೊರೆಸಾನಿ ಜೊತೇಲೇ ರೈಲು ಹತ್ತಿ ಹೋಗಿತ್ತು. ಅದಕ್ಕೆ ಈಚಲ ಹೆಂಡ ಹಾಕಿ ಕಲಸೋಕೆ ಶುರು ಮಾಡಿದ್ಲು. ಆಹಾ, ಆ ಹಿಟ್ಟು ಉಬ್ಬೋ ಚೆಂದವೇ ಬೇರೆ. ಒಂದ್ಸಲ ಉಬ್ಬಿ ಉಬ್ಬಿ ಬೋಸಿ ಮುಚ್ಚಳ ಹಾರಿ, ಹಿತ್ತಲ ತೆಂಗಿನ ಮರದ ಎಳನೀರು ಉದುರಿಸಿತ್ತು.

ಸ್ಟೇಷನ್ ಕ್ಯಾಂಟೀನು ನಡೆಸೋ ಹಯಾತ್ ಸಾಬ್ರ ಕಿವಿಗೆ ಸುದ್ದಿ ಬಿತ್ತು. "ಅಮ್ಮಾ, ಭಾನುವಾರ ಸಂಜೆ ಪ್ಯಾಸೆಂಜರ್ ಬರೋ ಹೊತ್ತಿಗೆ ನಿಮ್ಮನೆಗೆ ಬರ್ತೀನಿ. ಬನ್ನು ಬಾಯಿಗೆ ಹಿಡಿಸಿದ್ರೆ ದಿನಾ ಕ್ಯಾಂಟೀನಿಗೆ ನೀವೇ ಕೊಡಿ" ಅಂದ್ರು. ಹಂಗೇನಾದ್ರೂ ಆದ್ರೆ ಅವಳನ್ನ ಆ ಹಿತ್ತಲಿಂದ ಯಾವ ಗೌಡನೂ ಕದಲಿಸೋಕಾಗಲ್ಲ. ಅದು ಬೋರೇಗೌಡನಿಗೂ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಬೋಸಿ ತುಂಬ ಹಿಟ್ಟು, ಪಕ್ಕದಲ್ಲಿ ಇನ್ನೂ ಹಿಟ್ಟಿಗೆ ಸೇರಿಸದ ಹೆಂಡದ ಮಡಕೆ. ಚೆನ್ನಾಜಮ್ಮ ಸೌದೆ ತರೋಕೆ ಬೇಲಿ ಪಕ್ಕ ಹೋಗಿದ್ಲು. ಬಂದ ನೋಡಿ ಗೌಡ, ಕೈಯಲ್ಲಿ ಹಾರೆ. ಗೂಡೊಲೆ ಒಡೆಯೋಕೆ ಬಂದೋನ ಮೂಗಿಗೆ ಹೆಂಡದ ವಾಸನೆ ಬಡೀತು. ಹಾರೆ ಒರಗಿಸಿ, ಮಡಕೆ ಎತ್ತಿ, ಗಟಗಟ ಅಂತ ತಳದ ಗಸಿನೂ ಬಿಡದಂಗೆ ಕುಡಿದ. ಒಲೆ ಬಿಸಿಗೆ ಹೆಂಡ ಒಳಗೇ ಹುಳಿ ಬಂತು. ಅವನ ಹೊಟ್ಟೆ ಬೋಸಿ ಹಿಟ್ಟಿನಂಗೆ ಉಬ್ಬಿತು. ಅಂಗಿ ಗುಂಡಿ ಒಂದೊಂದೇ ಹಾರಿ, ಒಂದು ಗುಂಡಿ ನನ್ನ ಹಣೆಗೇ ಬಡೀತು.

ಚೆನ್ನಾಜಮ್ಮ ಬಂದ್ಲು. ಖಾಲಿ ಮಡಕೆ ನೋಡಿದ್ಲು. ಉಬ್ಬದೇ ಕಲ್ಲಿನಂಗೆ ಕೂತಿದ್ದ ಹಿಟ್ಟು ನೋಡಿದ್ಲು.

"ಏನ್ ಭಾವನೋರೆ, ಹಿಟ್ಟಿನ ಪಾಲು ನೀವೇ ಕುಡಿದ್ರಾ?"

"ಏ ಚೆನ್ನಾಜಿ, ಒಲೆನೂ ಒಡಿತೀನಿ, ನಿನ್ ಮೂಳೆನೂ ಮುರಿತೀನಿ!" ಅಂತ ಅವನು ಹಾರೆ ಬೀಸಿದ. ಅದು ಅವಳ ಭುಜ ಸವರಿ ಒಲೆ ಬಾಯಿಯ ಕಲ್ಲು ಹಾರಿಸಿತು. ರವಿಕೆ ಹರಿದು ರಕ್ತ ಇಳೀತು. ಇನ್ನೊಂದು ಕೈಯಲ್ಲಿ ಅವಳ ಜಡೆ ಹಿಡಿದ, ಅವತ್ತಿನಂಗೇ.

ಅವಳ ಕೈ ನನ್ನ ಮೇಲೆ ಬಿತ್ತು.

ಮೊದಲ ಏಟು ಮಣಿಕಟ್ಟಿಗೆ. ಲಟಕ್ ಅಂತು, ಹಾರೆ ಬಿತ್ತು. ಎರಡನೇದು ಮೂಗಿಗೆ. ಆ ಮೂಗು ಇವತ್ತಿಗೂ ಹೊಳೇನರಸೀಪುರದ ಕಡೆಗೇ ತಿರುಗೈತೆ. ಮೂರನೇದು ದವಡೆಗೆ. ಎರಡು ಹಲ್ಲು ಹಾರಿ ತುಳಸಿಕಟ್ಟೆ ಸುತ್ತಿ ಬಂದ್ವು. ನಾಲ್ಕನೇದು ನೆತ್ತಿಗೆ. ಗೂಡ್ಸ್ ಗಾಡಿಗೂ ಬಗ್ಗದ ನನ್ನ ಮೈಯಲ್ಲಿ ಆವತ್ತು ಉದ್ದಕ್ಕೂ ಬಿರುಕು ಬಿಡ್ತು. ಅಂಥ ತಲೆ ಅವನ್ದು. ಆದ್ರೂ ಬಿದ್ದ.

ಬಿದ್ದೋನ್ನ ನಾರಿನ ಹಗ್ಗದಲ್ಲಿ ರುಬ್ಬೋ ಕಲ್ಲಿಗೆ ಬಿಗಿದ್ಲು. ಆವಾಗ ಅವನು ಒಂದು ತೇಗು ತೇಗಿದ. ಬೋಸಿ ಪಕ್ಕದಲ್ಲೇ ಇತ್ತು. ಆ ತೇಗಿನ ಗಾಳಿ ಸೋಕಿದ್ದೇ ತಡ, ಹಿಟ್ಟು ಪುಸಕ್ ಅಂತ ಒಂದು ಬೆರಳು ಮೇಲೆದ್ದಿತು.

ಚೆನ್ನಾಜಮ್ಮ ನನ್ನ ನೋಡಿದ್ಲು. ನಾನು ಅವಳನ್ನ ನೋಡಿದೆ.

ಬೋಸಿ ತಂದು ಭಾವನ ಬಾಯಿ ಹತ್ರ ಇಟ್ಲು. ಅವನ ತಲೆ, ಬೋಸಿ ಎರಡೂ ಸೇರಿಸಿ ಒದ್ದೆ ಬಟ್ಟೆ ಮುಚ್ಚಿದ್ಲು. "ಉಬ್ಬಿದ್ದನ್ನ ಗುದ್ದಿ ಗಾಳಿ ತೆಗೀಬೇಕು ಅಂತ ದೊರೆಸಾನಿಯೋರು ಹೇಳಿಕೊಟ್ಟವ್ರೆ, ಭಾವನೋರೆ" ಅಂದು, ಹೊಟ್ಟೆ ಮೇಲೆ ನನ್ನ ಇಟ್ಟು ಒತ್ತಿ ಉರುಳಿಸಿದ್ಲು. ಡರ್‌ರ್‌ರ್ ಅಂತ ತೇಗು. ಹಿಟ್ಟು ಮೇಲಕ್ಕೆ. ಇನ್ನೊಂದು ಗುದ್ದು. ಇನ್ನೊಂದು ತೇಗು.

"ಅಯ್ಯೋ, ಸಾಕು ಕಣವ್ವಾ!" ಅಂತ ಬಟ್ಟೆ ಒಳಗಿಂದ ಕೂಗಿದ.

"ಇನ್ನೂ ಬೋಸಿ ಕಂಠಕ್ಕೆ ಬಂದಿಲ್ಲ, ತಡಕೊಳಿ."

ಸಂಜೆ ಪ್ಯಾಸೆಂಜರ್ ಕೂಗೋ ಹೊತ್ತಿಗೆ ಬನ್ನು ಗೂಡೊಲೆಯಿಂದ ಈಚೆ ಬಂತು. ಹಯಾತ್ ಸಾಬ್ರು ಒಂದು ಮುರಿದು ಬಾಯಿಗಿಟ್ಕೊಂಡು ಕಣ್ಣು ಮುಚ್ಚಿದ್ರು. "ಹತ್ತಿ ಹಂಗೈತಲ್ಲಮ್ಮ! ಹೆಂಗೆ ಉಬ್ಬಿಸಿದ್ರಿ?"

"ಎಲ್ಲಾ ನಮ್ಮ ಭಾವನೋರ ಆಶೀರ್ವಾದ."

ಹಗ್ಗ ಬಿಚ್ಚಿಸ್ಕೊಂಡು ಮೂಲೇಲಿ ಸೊಟ್ಟ ಮೂಗು ಹಿಡ್ಕೊಂಡು ಕೂತಿದ್ದ ಭಾವ ತಲೆ ಬಗ್ಗಿಸಿದ. ಮಾರನೇ ದಿನದಿಂದ ಬನ್ನು ಕ್ಯಾಂಟೀನಿಗೆ ಹೋಯ್ತು, ಗೌಡ ಅವನ ಮನೇಗೆ ಹೋದ. ಈಗಲೂ ಅವನು ತೇಗೋವಾಗ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ತೇಗ್ತಾನೆ, ಯಾರಾದ್ರೂ ಬೋಸಿ ತಂದಾರು ಅಂತ.

ನನಗೆ ವಯಸ್ಸಾಯ್ತು. ಹಿಟ್ಟಿಗೆ ಈಗ ಮಿಷನ್ ಬಂದೈತೆ. ಬಿರುಕು ಬಿಟ್ಟ ನನ್ನನ್ನ ಚೆನ್ನಾಜಮ್ಮ ಒಲೆಗೆ ಹಾಕ್ಲಿಲ್ಲ, ಗೂಡೊಲೆ ಮೇಲಿನ ಮೊಳೆಗೆ ತೂಗಾಕವ್ಳೆ. ಬೆಚ್ಚಗಿದೀನಿ, ಚಕ್ಕೆ ಘಮ ಕುಡೀತಾ ಇರ್ತೀನಿ. ಇಲ್ಲಿ ತೂಗ್ತಾ ತೂಗ್ತಾ ಒಂದು ಯೋಚ್ನೆ ಬರ್ತದೆ. ಏಟು ತಿಂದಷ್ಟೂ ಹಿಟ್ಟು ಮೆತ್ತಗಾಯ್ತದೆ. ಬೋರೇಗೌಡನೂ ಹಂಗೇ ಆದ. ಚೆನ್ನಾಜಮ್ಮ ಮಾತ್ರ ಏಟು ತಿಂದೂ ತಿಂದೂ ನನ್ನ ಹಂಗೆ ಗಟ್ಟಿಯಾದ್ಲು. ಅದಕ್ಕೇ ಅವಳ ಕೈಗೆ ನಾನು ಅಷ್ಟು ಚೆನ್ನಾಗಿ ಕೂರ್ತಿದ್ದೆ ಅನ್ಸುತ್ತೆ.

ಏನು, ನಗ್ತಾ ಇದೀರಾ? ನಂಬಿಕೆ ಬರ್ಲಿಲ್ವಾ? ನನ್ನ ಬಿರುಕಿನಲ್ಲಿ ಗೌಡನ ನೆತ್ತಿ ಕೂದಲು ಇನ್ನೂ ಸಿಕ್ಕೊಂಡೈತೆ, ಬಂದು ನೋಡಿ. ಕಾಣ್ತಿಲ್ವಾ? ಇನ್ನೂ ಒಸಿ ಹತ್ರ ಬನ್ನಿ. ಹಾಂ, ಹಂಗೇ. ಈಗ ಆ ತಲೆಪೇಟ ತೆಗೆದು, ತಲೆ ಒಂದು ಚೂರು ಬಗ್ಗಿಸಿ.